ಒಂದೇ ಕೈಯಲ್ಲಿ ವಿಮಾನ ಇಳಿಸುವ ಮಸರ್ರತ್

ಬೆಳಗಿನ ಏಳಕ್ಕೆ ಇನ್ನೂ ಹತ್ತು ನಿಮಿಷವಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪಕ್ಕದ ಸ್ಯಾಲ್ಫರ್ಡ್‌ನ ಮೀಡಿಯಾಸಿಟಿಯಲ್ಲಿ ಫೆಬ್ರುವರಿಯ ಸೂರ್ಯ ಎದ್ದಿಲ್ಲ. ಆದರೆ ಮೂರನೇ ಮಹಡಿಯ ಒಂದು ಮೇಜಿನ ಮೇಲೆ ಆಗಲೇ ಬೆಳಗಾಗಿದೆ. ಮಸರ್ರತ್ ಅವರ ಕಂಪ್ಯೂಟರ್ ಪರದೆಯಲ್ಲಿ ಲೀಡ್ಸ್ ಊರಿನ ರನ್‌ವೇ, ಅದರ ಆಚೆ ಕಿತ್ತಳೆ ಬಣ್ಣದ ಸೂರ್ಯ. ಬಲಗೈಯಲ್ಲಿ ಜಾಯ್‌ಸ್ಟಿಕ್ ಹಿಡಿದಿದ್ದಾರೆ, ಎಡಗೈ ಕೋಟಿನ ಜೇಬಿನಲ್ಲಿದೆ. ಚಳಿಗೆ ಅಂದುಕೊಂಡರೆ ನೀವು ಮೋಸ ಹೋದಿರಿ. ಹೀಟರ್ ಧಾರಾಳವಾಗಿ ಉರಿಯುತ್ತಿದೆ. ಪುಟ್ಟ ವಿಮಾನ ಆ ಕಡೆ ವಾಲಿ, ಈ ಕಡೆ ವಾಲಿ, ನೆಲ ಮುಟ್ಟಿ ಎರಡು ಸಲ ಕುಪ್ಪಳಿಸಿ ನಿಲ್ಲುತ್ತದೆ.

"ಇಳೀತು ನೋಡ್ರಿ," ಎಂದು ಅವರು ಉಸಿರು ಬಿಡುತ್ತಾರೆ. "ಒಂದೇ ಕೈಲಿ ಇಳಿಸೋದು ಕಲಿಯೋಕೆ ನಂಗೆ ಪೂರಾ ಒಂದು ವಾರ ಹಿಡೀತು."

ಹನ್ನೊಂದು ಜನರ ಈ ಸಣ್ಣ ಕಂಪನಿ ತಯಾರಿಸುವುದು ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲೇ ವಿಮಾನ ಹಾರಿಸುವ ಸಾಫ್ಟ್‌ವೇರ್. ಕೊಳ್ಳುವವರು ತರಹೇವಾರಿ ಜನ. ಪೈಲಟ್ ತರಬೇತಿ ಶಾಲೆಯವರಿಗೆ ಎಲ್ಲವೂ ನಿಜವಾದ ವಿಮಾನದಂತೆಯೇ ಇರಬೇಕು, ಒಂದು ಗುಂಡಿ ಹೆಚ್ಚಿರಬಾರದು. ಊಟ ಮುಗಿಸಿ ಮನೆಯಲ್ಲೇ ಹಾರಾಡುವವರಿಗೆ ಆಕಾಶ ಚಂದ ಕಾಣಬೇಕು. ಇನ್ನು ಹತ್ತು ವರ್ಷದ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರದು ಒಂದೇ ಬೇಡಿಕೆ: ದಯವಿಟ್ಟು ಹೊಸದೇನೂ ಸೇರಿಸಬೇಡಿ, ಈಗಲೇ ತೆವಳುತ್ತಿದೆ. ಇವರೆಲ್ಲರ ದೂರು, ಬೈಗುಳ, ಅಪರೂಪಕ್ಕೊಂದು ಮೆಚ್ಚುಗೆ, ದಿನಕ್ಕೆ ತೊಂಬತ್ತರ ಹತ್ತಿರ, ಬಂದು ಬೀಳುವುದು ಮಸರ್ರತ್ ಅವರ ಮೇಜಿಗೆ. ಪ್ರತಿಯೊಂದನ್ನೂ ಓದಿ, ಸ್ವತಃ ಹಾರಿಸಿ ನೋಡಿ, ಯಾವುದು ಮೊದಲು ರಿಪೇರಿಯಾಗಬೇಕೆಂದು ಸಾಲು ಹಚ್ಚುವುದು ಅವರ ಕೆಲಸ. ಸಾಫ್ಟ್‌ವೇರ್‌ನ ಕೊನೆಯಲ್ಲಿ ಮೂಡುವ ಹೆಸರುಗಳಲ್ಲಿ ಅವರ ಹೆಸರಿಲ್ಲ.

ಸಾಲು ಹಚ್ಚುವುದನ್ನು ಅವರು ಕಲಿತದ್ದು ದಾವಣಗೆರೆಯ ಬಸ್ ಸ್ಟ್ಯಾಂಡಿನಲ್ಲಿ. ತಂದೆ ರಹೀಮ್ ಅಲ್ಲಿ ಟ್ರಾಫಿಕ್ ಕಂಟ್ರೋಲರ್ ಆಗಿದ್ದರು. ಯಾವ ಬಸ್ಸು ಯಾವಾಗ ಹೊರಡಬೇಕೆಂದು ಸೀಟಿ ಊದುವ ಕೆಲಸ. "ಹರಿಹರದೋರು ಬಾಯಿ ಮಾಡ್ತಿದ್ರು, ಹೊನ್ನಾಳಿಯೋರು ಬಾಯಿ ಮಾಡ್ತಿದ್ರು. ಅಬ್ಬಾ ಮಾತ್ರ ಗಂಟು ಮೂಟೆ ಮೇಲೆ ಸುಮ್ನೆ ಕೂತಿರೋರ್ನ ಹುಡುಕ್ಕೊಂಡು ಹೋಗಿ, ನಿಮ್ದು ಯಾವೂರು ಅಂತ ಕೇಳ್ತಿದ್ರು," ಎಂದು ಮಸರ್ರತ್ ನೆನೆಯುತ್ತಾರೆ. ಅಲ್ಲೇ ಇಂಜಿನಿಯರಿಂಗ್ ಓದಿ, ಡಾಕ್ಟರ್ ಅರ್ಷದ್ ಅವರನ್ನು ಮದುವೆಯಾಗಿ ಮ್ಯಾಂಚೆಸ್ಟರ್‌ಗೆ ಬಂದರು. ಗಂಡನ ಆಸ್ಪತ್ರೆಯ ರೋಟಾ, ಅಂದರೆ ಪಾಳಿಯ ಪಟ್ಟಿ, ನೋಡಿಕೊಂಡು ಕೆಲಸ ಹುಡುಕುವುದರಲ್ಲಿ ಮೂರು ವರ್ಷ ಕಳೆಯಿತು. ಇಲ್ಲಿ ಸೇರಿ ಈಗ ನಾಲ್ಕನೇ ವರ್ಷ. ಮನೆಯಿರುವ ಡಿಡ್ಸ್‌ಬರಿಯಿಂದ ಆರು ಗಂಟೆಯ ಟ್ರಾಮ್ ಹತ್ತಿ, ಕಾರ್ನ್‌ಬ್ರೂಕ್‌ನಲ್ಲಿ ಬದಲಾಯಿಸಿ, ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ.

ಇನ್ನು ಜೇಬಿನ ಕೈಯ ಕಥೆ. ಹಳೆಯ ಆವೃತ್ತಿಯಲ್ಲಿ ಒಂದು ಒಳದಾರಿಯಿತ್ತು. ಜಾಯ್‌ಸ್ಟಿಕ್ಕಿನ ಗುಂಡಿಯೊಂದನ್ನು ಒತ್ತಿ ಹಿಡಿದರೆ ಅದೇ ಕೈಯಿಂದ ಎಂಜಿನ್ ವೇಗವನ್ನೂ ಏರಿಸಿ ಇಳಿಸಬಹುದಿತ್ತು. ನಿಜವಾದ ವಿಮಾನದಲ್ಲಿ ಅದಕ್ಕೆ ಇನ್ನೊಂದು ಕೈ, ಬೇರೆಯೇ ಲಿವರ್ ಬೇಕು. "ನಮ್ಮ ಹುಡುಗರಿಗೆ ಕೆಟ್ಟ ಅಭ್ಯಾಸ ಬೀಳುತ್ತಿದೆ, ತೆಗೆಯಿರಿ" ಎಂದು ತರಬೇತಿ ಶಾಲೆ ಪಟ್ಟು ಹಿಡಿಯಿತು. ಉಳಿಸಿಕೊಳ್ಳಿ ಎಂದು ಯಾರೂ ಕೇಳಿರಲಿಲ್ಲ. ತೆಗೆಯಬಹುದು ಎಂದು ಬರೆದದ್ದು ಬೇರೆ ಯಾರೂ ಅಲ್ಲ, ಮಸರ್ರತ್ ಅವರೇ.

ಪರೀಕ್ಷೆಗೆಂದು ಕೆಲವರಿಗೆ ಕೊಟ್ಟ ಹೊಸ ಆವೃತ್ತಿ ಹೊರಹೋದ ಮೂರನೇ ದಿನ ಲೀಡ್ಸ್‌ನಿಂದ ಒಂದು ದೂರು ಬಂತು. ಬರೆದವರು ಡೆರೆಕ್ ಹೋಲ್ರಾಯ್ಡ್, ನಿವೃತ್ತ ಪೈಲಟ್, ಎಪ್ಪತ್ತೊಂದು ವರ್ಷ. "ವಿಮಾನ ಇಳಿಯುತ್ತಿಲ್ಲ" ಎಂಬುದಷ್ಟೇ ದೂರು. ಮಸರ್ರತ್ ಇಳಿಸಿ ನೋಡಿದರು, ಬೆಣ್ಣೆಯಂತೆ ಇಳಿಯಿತು. ನಿಮ್ಮ ದೂರಿನ ಬಗ್ಗೆ ನನಗೊಂದು ಡೌಟಿದೆ ಎಂದು ಇಂಗ್ಲಿಷಿನಲ್ಲಿ ನೇರವಾಗಿ ಬರೆದು ಕಳಿಸಿದರು.

ನಮ್ಮಲ್ಲಿ ಕ್ಲಾಸಿನಲ್ಲಿ ಕೈ ಎತ್ತಿ "ಸಾರ್, ಒಂದು ಡೌಟು" ಅಂದರೆ ಏನೋ ಕೇಳುವುದಿದೆ ಎಂದರ್ಥ. ಇಂಗ್ಲಿಷರ ಕಿವಿಗೆ ಅದು, ನಿನ್ನ ಮಾತು ನಂಬುವುದಿಲ್ಲ ಹೋಗು, ಎಂದ ಹಾಗೆ. ಹೋಲ್ರಾಯ್ಡ್ ಕೆಂಡಾಮಂಡಲವಾಗಿ ನೇರ ಆಫೀಸಿಗೇ ಫೋನ್ ಮಾಡಿದರು. "ಮೂವತ್ತು ವರ್ಷ ವಿಮಾನ ಹಾರಿಸಿದ್ದೇನೆ, ಸುಳ್ಳು ಹೇಳುವ ಗರಜು ನನಗಿಲ್ಲ!"

"ಫೋನ್ ಎತ್ತಿದ್ದು ನಾನೇ," ಎನ್ನುತ್ತಾರೆ ಮಸರ್ರತ್. "ಅಯ್ಯೋ ಸರ್, ನಮ್ಮ ಕಡೆ ಡೌಟು ಅಂದ್ರೆ ಪ್ರಶ್ನೆ ಅಂತ, ತಪ್ಪು ತಿಳೀಬೇಡಿ ಅಂದೆ. ಆಮೇಲೆ ಅವರೇ ನಗಾಡಿದ್ರು. ಸರಿ, ಪ್ರಶ್ನೆ ಏನು ಕೇಳು ಲವ್, ಅಂದ್ರು. ಇಲ್ಲಿ ಹಿರಿಯರು ಎಲ್ರನ್ನೂ ಹಂಗೇ ಕರೆಯೋದು. ಇಳಿಸೋವಾಗ ಎಡಗೈಲಿ ಲಿವರ್ ಎಷ್ಟು ಹಿಂದಕ್ಕೆ ಎಳೀತೀರಿ ಅಂದೆ. ಯಾವ ಎಡಗೈ, ಅಂದ್ರು."

ಐದು ವರ್ಷದ ಹಿಂದೆ ಹೊಡೆದ ಪಾರ್ಶ್ವವಾಯು ಹೋಲ್ರಾಯ್ಡ್ ಅವರ ಎಡಗೈಯ ಶಕ್ತಿಯನ್ನು ಕಿತ್ತುಕೊಂಡಿತ್ತು. ಆಕಾಶದಲ್ಲಿ ಅವರಿಗೆ ಉಳಿದಿದ್ದ ಏಕೈಕ ಜಾಗವೆಂದರೆ ಈ ಸಿಮ್ಯುಲೇಟರ್. ಅದರಲ್ಲಿ ಅವರು ನೆಚ್ಚಿಕೊಂಡಿದ್ದದ್ದು ಆ ಒಳದಾರಿಯನ್ನು.

ಬಿಡುಗಡೆಗೆ ಎಂಟು ದಿನ ಉಳಿದಿತ್ತು. ತಂಡದ ಮುಖ್ಯಸ್ಥೆ ಬೆಂಗಳೂರಿನ ಹೇಮಲತಾ. ಅವರದು ಕಲ್ಲು ಮನಸ್ಸೇನಲ್ಲ, ಆದರೆ ಶಾಲೆಗೆ ಮಾತು ಕೊಟ್ಟವರು ಅವರು. "ಒಬ್ಬರಿಗೋಸ್ಕರ ಹೇಗೆ ಮಾಡೋಕಾಗುತ್ತೆ ಮಸರ್ರತ್? ಈ ಸಲ ಆಕಾಶಕ್ಕೆ ಹೊಸ ಮೋಡ ಸೇರಿಸ್ತೀವಿ ಅಂದಿದ್ವಿ, ಅದಕ್ಕೇ ನಾನೂರು ಜನ ಕಾಯ್ತಿದಾರೆ," ಎಂದರು. ಮಸರ್ರತ್ ವಾದಕ್ಕಿಳಿಯಲಿಲ್ಲ. "ಹೇಮಕ್ಕ, ಎಡಗೈ ಜೇಬಲ್ಲಿಟ್ಟು ಒಂದ್ಸಲ ಇಳಿಸಿ ನೋಡಿ," ಎಂದು ಜಾಯ್‌ಸ್ಟಿಕ್ ಮುಂದಿಟ್ಟರು. ಹೇಮಲತಾ ಮೂರು ಸಲ ವಿಮಾನವನ್ನು ಹೊಲಕ್ಕೆ ಇಳಿಸಿದರು. ನಾಲ್ಕನೇ ಸಲ ಜಾಯ್‌ಸ್ಟಿಕ್ ಕೆಳಗಿಟ್ಟು, ಶಾಲೆಯವರಿಗೆ ಫೋನ್ ಮಾಡಿದರು.

ಪರಿಹಾರ ಸರಳವಾಗಿತ್ತು. ಒಳದಾರಿ ಉಳಿಯುತ್ತದೆ; ಶಾಲೆಗಳಲ್ಲಿ ಮೇಷ್ಟರು ಅದಕ್ಕೆ ಬೀಗ ಹಾಕಿಕೊಳ್ಳಬಹುದು. ಆದರೆ ಬೀಗ ಬರೆಯಲು, ಪರೀಕ್ಷಿಸಲು ಆ ಎಂಟು ದಿನಗಳೂ ಬೇಕಾದವು. ಮೋಡಗಳು ಮುಂದಿನ ಆವೃತ್ತಿಗೆ ಹೋದವು. ಶುಕ್ರವಾರ ಬಿಡುಗಡೆಯಾದದ್ದೇ ತಡ, ಮೋಡ ಕಾಯುತ್ತಿದ್ದ ನಾನೂರು ಮಂದಿ ಕಂಪನಿಯ ಜನ್ಮ ಜಾಲಾಡಿದರು. ಆ ಬೈಗುಳವನ್ನೆಲ್ಲ ಕೂತು ಓದಿ, ಒಬ್ಬೊಬ್ಬರಿಗೂ ಉತ್ತರ ಬರೆದವರು ಮಸರ್ರತ್. "ಅವರದೇನು ತಪ್ಪು? ಕಾಸು ಕೊಟ್ಟೋರು, ಕೇಳ್ತಾರೆ," ಎನ್ನುವ ಅವರ ದನಿಯಲ್ಲಿ ಬೇಸರವಿಲ್ಲ. ಅದನ್ನು ಕೇಳುವಾಗ ಬೇಸರವಾದದ್ದು ಈ ಲೇಖನ ಬರೆಯುವವರಿಗೆ.

ಸೋಮವಾರ ಬೆಳಿಗ್ಗೆ ತೊಂಬತ್ತೆರಡು ದೂರುಗಳ ನಡುವೆ ಲೀಡ್ಸ್‌ನದೂ ಒಂದಿತ್ತು. ಮಸರ್ರತ್ ಅದನ್ನು ಅಳಿಸದೆ ಇಟ್ಟುಕೊಂಡಿದ್ದಾರೆ. ಇಂಗ್ಲಿಷಿನಲ್ಲಿರುವ ಮೂರು ಸಾಲಿನ ಸಾರಾಂಶ ಇಷ್ಟು: "ಇಳಿದೆ. ಎರಡು ಸಲ ಕುಪ್ಪಳಿಸಿತು. ಈಗ ನನಗೊಂದು ಡೌಟಿದೆ, ಮೋಡಗಳು ಯಾವಾಗ ಬರುತ್ತವೆ?"

ಅದನ್ನು ಓದುವಾಗ ಅವರ ಕಣ್ಣು ತುಂಬುತ್ತದೆ, ನಗುವೂ ಬರುತ್ತದೆ. ಸಾಫ್ಟ್‌ವೇರ್‌ನ ಕೊನೆಯಲ್ಲಿ ಹೆಸರು ಹಾಕಿಸಿಕೊಳ್ಳಬೇಕು ಅನ್ನಿಸುವುದಿಲ್ಲವೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ. ಬಿಸಿಲು ಬಂದ ಮೇಲೆ ಒಮ್ಮೆ ರೈಲು ಹತ್ತಿ ಲೀಡ್ಸ್‌ಗೆ ಹೋಗಿ, ಹೋಲ್ರಾಯ್ಡ್ ವಿಮಾನ ಇಳಿಸುವುದನ್ನು ಪಕ್ಕದಲ್ಲಿ ಕೂತು ನೋಡುವ ಆಸೆಯಿದೆ, ಅಷ್ಟೇ.

ಹೊರಗೆ ಈಗ ನಿಜವಾದ ಬೆಳಕು ಬಂದಿದೆ. ಮಸರ್ರತ್ ಹೊಸ ಮೋಡಗಳ ಕಚ್ಚಾ ಆವೃತ್ತಿ ತೆರೆಯುತ್ತಾರೆ. ಲೀಡ್ಸ್‌ನ ರನ್‌ವೇ ಬೂದು ಬಣ್ಣದಲ್ಲಿ ಮುಚ್ಚಿಹೋಗುತ್ತದೆ, ಎಡಗೈ ಮತ್ತೆ ಜೇಬಿಗೆ ಇಳಿಯುತ್ತದೆ.

"ಮೋಡದೊಳಗಿಂದಾನೂ ಒಂದೇ ಕೈಲಿ ಇಳೀಬೇಕಲ್ರೀ," ಎನ್ನುತ್ತಾರೆ ಪರದೆಯಿಂದ ಕಣ್ಣು ತೆಗೆಯದೆ. "ಅದನ್ನ ಯಾರಾದ್ರೂ ಮೊದ್ಲೇ ಇಳಿಸಿ ನೋಡಿರ್ಬೇಕು."