ಅಪ್ಪ ಎತ್ತದ ಫೋನು

ನೇಪಾಳದ ಲುಂಬಿನಿಯಲ್ಲಿದ್ದಾಗ ಮಸ್ಕಿಯ ನಮ್ಮ ಪಕ್ಕದ ಮನೆಯವರ ಮೆಸೇಜು ಬಂತು: ‘ನಿಮ್ಮವ್ವಗ ಜ್ವರ ಜೋರಾಗ್ಯಾವ. ನಿಮ್ಮಪ್ಪ ಲಿಂಗಸುಗೂರು ದವಾಖಾನಿಗೆ ಕರಕೊಂಡು ಹೋಗ್ಯಾರ.’

ಅವ್ವನಿಗೆ ಪೆನ್ಸಿಲಿನ್ ಆಗಿಬರುವುದಿಲ್ಲ. ಹೋದ ವರ್ಷ ಸಿಂಧನೂರಿನ ಡಾಕ್ಟರು ಅದನ್ನು ಹೇಳಿದ್ದು ನನ್ನೊಬ್ಬನಿಗೆ. ನಾನು ಅಪ್ಪನಿಗೆ ಹೇಳಿರಲೇ ಇಲ್ಲ. ಪಕ್ಕದ ಮನೆಯವರಿಗೆ ಬರೆದೆ, ಅವರು ನೋಡಲಿಲ್ಲ.

ಅಪ್ಪನದು ನೆಟ್ಟಿಲ್ಲದ ಬಟನ್ ಫೋನು. ನನ್ನ ಊರಿನ ಸಿಮ್ಮಿಗೆ ರೋಮಿಂಗ್ ಇಲ್ಲ, ನೇಪಾಳದ ಎರಡನೇ ಸಿಮ್ಮಿನಲ್ಲಿ ಬರೀ ನೆಟ್ಟು. ಆ ನೆಟ್ಟಿನ ಮೇಲೆ ಆ್ಯಪ್‌ನಿಂದ ಫೋನ್ ಹಚ್ಚಿದರೆ ಅಪ್ಪನಿಗೆ ನನ್ನ ಊರಿನ ನಂಬರೇ ಕಾಣುತ್ತದೆ. ಆದರೆ ಅವನು ತಿರುಗಿ ಹಚ್ಚಿದರೆ ನನಗೆ ಬರುವುದಿಲ್ಲ.

ಹಚ್ಚಿದೆ. ಒಂದೇ ರಿಂಗಿಗೆ ಕಟ್ ಮಾಡಿದ. ಮಗನ ರೊಕ್ಕ ಹೋಗಬಾರದೆಂದು ನನ್ನ ಫೋನು ಕಟ್ ಮಾಡಿ ತಾನೇ ತಿರುಗಿ ಹಚ್ಚುವುದು ಅಪ್ಪನ ಹಳೇ ರೂಢಿ. ಮತ್ತೆ ಹಚ್ಚಿದೆ, ಮತ್ತೆ ಕಟ್. ಐದು ಸಲ! ಅಲ್ಲಿ ನರ್ಸು ಸೂಜಿ ತುಂಬುತ್ತಿದ್ದರೆ?

ಕೊನೆಗೆ ಆ್ಯಪ್‌ನಲ್ಲಿ ನನ್ನ ನಂಬರು ತೆಗೆದುಹಾಕಿ, ಯಾವುದೋ ಪರದೇಶದ ನಂಬರು ಕಾಣುವ ಹಾಗೆ ಹಚ್ಚಿದೆ. ತಟ್ಟನೆ ಎತ್ತಿದ.

‘ಯಾರ್ರೀ? ಲಗೂ ಹೇಳ್ರೀ, ನನ್ನ ಮಗ ಫೋನ್ ಮಾಡಾಕತ್ತಾನ.’

‘ಅಪ್ಪಾ, ನಾನಾ! ಅವ್ವಗ ಪೆನ್ಸಿಲಿನ್ ಆಗಂಗಿಲ್ಲಂತ ಡಾಕ್ಟರಿಗೆ ಹೇಳು, ಈಗಿಂದೀಗ!’

ಅವನು ಕೂಗಿ ಹೇಳಿದ್ದು ಕೇಳಿಸಿತು. ‘ಛಲೋ ಆತು, ಸೂಜಿ ಮಾಡೋಕಿಂತ ಮೊದಲ ಹೇಳಿದ್ರಿ’ ಎಂದಿತು ಹೆಣ್ಣುದನಿ.

‘ಇದು ಯಾರ ಫೋನಲೇ?’ ಅಪ್ಪ ಗದರಿದ. ‘ಮಂದಿ ರೊಕ್ಕ ಯಾಕ ಹಾಳ್ ಮಾಡ್ತಿ? ಇಡು, ನಾನಾ ಹಚ್ತೀನಿ.’

ಕಟ್ ಮಾಡಿದ.