ಗಿರಿಜಮ್ಮನ ಸೀಸೆಯಲ್ಲಿ ಒಂದೇ ಶೇಂಗಾಕಾಯಿ

ಬೆಳಗಿನ ಐದು ಗಂಟೆ. ವಿಶಾಖಪಟ್ಟಣದ ಬಸ್ ನಿಲ್ದಾಣದಲ್ಲಿ ಗಿರಿಜಮ್ಮ ತಲೆ ಎಣಿಸುತ್ತಿದ್ದಾರೆ. ಏಳು. ಮತ್ತೆ ಎಣಿಸುತ್ತಾರೆ. ಏಳೇ. ಮೂರನೆಯ ಸಲ ಬೆರಳು ಎತ್ತಿದಾಗ, ಔಷಧ ಕಾರ್ಖಾನೆಗೆ ಆರು ತಿಂಗಳ ಮಟ್ಟಿಗೆ ಬಂದಿರುವ ಮೈಸೂರಿನ ನಂದೀಶ್ ನಗುತ್ತಾನೆ.

“ಅಜ್ಜಿ, ನಾವೇನ್ ಕುರಿಗಳಾ?”

“ಕುರಿ ಆಗಿದ್ರ ನನಗ ಚಿಂತಿ ಇರತಿರಲಿಲ್ಲಪಾ. ಅದು ತಾನೇ ಮೂಸಿ ನೋಡಿ ತಿಂತದ.”

ಎಲ್ಲರೂ ನಗುತ್ತಾರೆ. ಗಿರಿಜಮ್ಮ ನಗುವುದಿಲ್ಲ. ಅವರ ಕೈ ಸೊಂಟಕ್ಕೆ ಹೋಗಿ, ಸೆರಗಿನಲ್ಲಿ ಸಿಕ್ಕಿಸಿದ ಗಂಟನ್ನು ಮುಟ್ಟಿ ನೋಡಿ ಬರುತ್ತದೆ. ಗಂಟಿನೊಳಗೆ ಕೆಮ್ಮಿನ ಔಷಧದ ಖಾಲಿ ಸೀಸೆ. ಬಿಗಿಯಾದ ಮುಚ್ಚಳ. ಸೀಸೆಯೊಳಗೆ ಸಿಪ್ಪೆ ಸಮೇತ ಒಂದು ಶೇಂಗಾಕಾಯಿ.

ಗಿರಿಜಮ್ಮನಿಗೆ ಅರವತ್ನಾಲ್ಕು. ದ್ವಾರಕಾ ನಗರದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ಕೆಲಸ. ವಾರಕ್ಕೆ ಆರು ದಿನ ಮೂರೂವರೆಗೆ ಎದ್ದು, ನಲವತ್ತೆರಡು ಹುಡುಗಿಯರಿಗೆ ನೂರ ಎಪ್ಪತ್ತು ಇಡ್ಲಿ ಬೇಯಿಸುತ್ತಾರೆ. ಏಳನೆಯ ದಿನ ಮಂಡಿನೋವಿಗೆ ಎಣ್ಣೆ ಹಚ್ಚಿಕೊಂಡು ಮಲಗಬಹುದು. ಹಾಗೆ ಮಾಡದೆ, ಕರ್ನಾಟಕದಿಂದ ಹೊಸದಾಗಿ ಬಂದ ಹುಡುಗ ಹುಡುಗಿಯರನ್ನು ಅನಕಾಪಲ್ಲಿ ಕಡೆಯ ಹಳ್ಳಿಗಳಿಗೆ ಕರೆದೊಯ್ದು, ಆ ನೆಲದವರು ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ ಎಂದು ತೋರಿಸುತ್ತಾರೆ. ಆರು ವರ್ಷದಿಂದ ಇದು ನಡೆದಿದೆ. ಮುನ್ನೂರು ಮಂದಿಯಾದರೂ ಅವರ ಹಿಂದೆ ನಡೆದಿದ್ದಾರೆ.

“ಹೋಟೆಲಿನಾಗ ಎಲ್ಲಾ ಊರೂ ಒಂದೇ ರುಚಿ,” ಎನ್ನುತ್ತಾರೆ. “ಇಲ್ಲೀ ಕಬ್ಬು, ಇಲ್ಲೀ ನೀರು ಬಾಯಿಗೆ ಹತ್ತಬೇಕಂದ್ರ ಒಲಿ ತನಕ ಹೋಗಬೇಕು.”

ಹುಟ್ಟಿದ್ದು ಗದಗಿನ ಹತ್ತಿರ. ಗಂಡ ರಾಮಕೃಷ್ಣನಿಗೆ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲ ಕೆಲಸ ಸಿಕ್ಕಿತೆಂದು ಎಪ್ಪತ್ತೊಂಬತ್ತರಲ್ಲಿ ಅಲ್ಲಿಗೆ ಬಂದರು. ತೆಲುಗು ಕಲಿತದ್ದು ನೆರೆಮನೆಯ ಸೀತಾಲಕ್ಷ್ಮಿಯ ಅಡುಗೆಮನೆಯಲ್ಲಿ, ಒಂದೊಂದು ಡಬ್ಬಿಯ ಮುಚ್ಚಳ ತೆಗೆದು ಹೆಸರು ಕೇಳುತ್ತ. ತೊಂಬತ್ತೆಂಟರಲ್ಲಿ ಗಂಡ ತೀರಿಕೊಂಡ ಮೇಲೆ ವಿಶಾಖಪಟ್ಟಣಕ್ಕೆ ಬಂದು ಹಾಸ್ಟೆಲಿನ ಒಲೆ ಹಿಡಿದರು.

ಬಸ್ಸಿನಲ್ಲಿ ಅವರ ಪಕ್ಕ ಕುಳಿತಿರುವ ಹುಡುಗಿ ಮಾನಸ, ಧಾರವಾಡದವಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ. ನಾಳೆ ವಿಜಯವಾಡದ ಆಸ್ಪತ್ರೆಗೆ ವರ್ಗ. ಶೇಂಗಾ ಅವಳ ಮೈಗೆ ಆಗುವುದಿಲ್ಲ. ಒಂದು ಕಾಳು ಹೋದರೂ ಗಂಟಲು ಬಾತು ಉಸಿರು ಕಟ್ಟುತ್ತದೆ. ಎರಡು ವರ್ಷದ ಹಿಂದೆ, 2005ರ ಜನವರಿಯಲ್ಲಿ, ಗಿರಿಜಮ್ಮನ ಕಣ್ಣೆದುರಿಗೇ ಹಾಗಾಯಿತು.

ಅಂದು ಒಂದು ಇಡ್ಲಿ ಬಂಡಿಯ ಮುಂದೆ ಗಿರಿಜಮ್ಮನೇ ವಿಚಾರಿಸಿದ್ದರು. ತೆಲುಗಿನಲ್ಲಿ ಶೇಂಗಾಕ್ಕೆ ವೇರುಶೆನಗ ಎನ್ನಬೇಕು. ಬರೀ ಶೆನಗ ಎಂದರೆ ಕಡಲೆ. ಅವರಿಗೆ ಅದು ಇಪ್ಪತ್ತೈದು ವರ್ಷದಿಂದ ಗೊತ್ತು. ಆದರೆ ಗಡಿಬಿಡಿಯಲ್ಲಿ, “ಚಟ್ನೀಲೋ ಶೇಂಗಾ ಉಂದಾ?”, ಶೇಂಗಾ ಇದೆಯಾ, ಎಂದುಬಿಟ್ಟರು. ಬಂಡಿಯವನ ಕಿವಿಗೆ ಅದು ಶೆನಗ ಎಂದು ಬಿತ್ತು. ಚಟ್ನಿಗೆ ರುಬ್ಬಿದ್ದು ಶೇಂಗಾ, ಕಡಲೆ ಹಾಕಿರಲಿಲ್ಲ. ಅವನು “ಲೇದಮ್ಮಾ” ಅಂದ. ಇಲ್ಲ ಅಂದ. ಸುಳ್ಳೇನೂ ಹೇಳಲಿಲ್ಲ.

“ಎರಡನೇ ತುತ್ತಿಗೇ ಈ ಹುಡುಗಿ ತುಟಿ ನೀಲಿ ಆತು,” ಎಂದು ಗಿರಿಜಮ್ಮ ಕಿಟಕಿಯ ಹೊರಗೆ ನೋಡುತ್ತಾರೆ. “ಆಟೋದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ವಿ. ಸೂಜಿ ಕೊಟ್ಟ ಮ್ಯಾಲೆ ಉಸಿರು ಬಂತು. ಗೊತ್ತಿಲ್ಲದ ತಪ್ಪಾದ್ರ ಕಲೀಬಹುದು. ನನಗ ಗೊತ್ತಿತ್ತು. ಗೊತ್ತಿದ್ದೂ ಬಾಯಿಗೆ ಊರಿನ ಮಾತು ಬಂತು. ಅದಕ್ಕೇನ್ ಮಾಡಬೇಕು ಹೇಳ್ರಿ.”

ಆರು ತಿಂಗಳು ಯಾರನ್ನೂ ಎಲ್ಲಿಗೂ ಕರೆದೊಯ್ಯಲಿಲ್ಲ. ಮತ್ತೆ ಶುರು ಮಾಡಿದಾಗ ಸೀಸೆ ಜೊತೆಗೆ ಬಂತು. ಅಂದಿನಿಂದ ಬಾಯಿಂದ ಕೇಳುತ್ತಾರೆ, ಕಾಯಿಯನ್ನೂ ತೋರಿಸುತ್ತಾರೆ, ಆಮೇಲೆ ತಾವೇ ಮೊದಲು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಮಾನಸ ಮಾತ್ರ ಎರಡು ವರ್ಷ ಹೊರಗೆ ಮೊಸರನ್ನ ಬಿಟ್ಟು ಬೇರೇನೂ ಮುಟ್ಟಿಲ್ಲ. ಮೊನ್ನೆ ಅವಳೇ ಬಂದು, “ವಿಜಯವಾಡದಾಗ ನೀವು ಇರಂಗಿಲ್ಲ ಅಜ್ಜಿ. ನನಗ ಕೇಳೋದು ಕಲಿಸ್ರಿ,” ಅಂದಳಂತೆ. ಆ ರಾತ್ರಿಯಿಂದ ಗಿರಿಜಮ್ಮನಿಗೆ ಸರಿಯಾಗಿ ನಿದ್ದೆಯಿಲ್ಲ.

ಅನಕಾಪಲ್ಲಿಯಲ್ಲಿ ಇಳಿದು ಎರಡು ಮೈಲಿ ನಡಿಗೆ. ಬಿಸಿಲೇರಿದರೆ ಹೆಂಡವಾಗುತ್ತದೆಂದು ತಾಳೆಯ ನೀರಾ ಮೊದಲು. ಆಮೇಲೆ ಸುಟ್ಟ ತಾಳೆಮೊಳಕೆ. ಇಲ್ಲಿ ಅದರ ಹೆಸರು ತೇಗ. ನಂದೀಶ್ ಒಂದನ್ನು ಮೂಸುತ್ತಾನೆ.

“ಇದನ್ನ ತಿಂದು ತೇಗ್ಬೇಕಾ, ತೇಗಿ ತಿನ್ಬೇಕಾ?”

“ಮೊದಲು ನಾರು ಸುಲಿಯೋ, ಶಾಣ್ಯಾ.”

ಹೇಳುತ್ತಿರುವುದು ನಂದೀಶನಿಗೆ. ಕಣ್ಣು ಮಾನಸಳ ಕತ್ತಿನ ಮೇಲಿದೆ.

ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿದೆ. ಪಕ್ಕದಲ್ಲೇ ಕಾಳಮ್ಮ ಎಂಬಾಕೆಯ ಹೊಸ ಅಂಗಡಿ: ಉದ್ದಿನ ಹಿಟ್ಟಿನ, ಅಂಗೈ ದಪ್ಪದ ದಿಬ್ಬರೊಟ್ಟಿ, ಅದ್ದಿಕೊಳ್ಳಲು ಬಿಸಿ ಪಾನಕಂ. ಪಾನಕಂ ಎಂದರೆ ನಮ್ಮ ರಾಮನವಮಿಯ ಪಾನಕವಲ್ಲ, ಜೇನಿನಷ್ಟು ಗಟ್ಟಿಯಾದ ಕಬ್ಬಿನ ಪಾಕ. ಇನ್ನೊಂದು ಬಟ್ಟಲಲ್ಲಿ ಬೆಳ್ಳಗಿನ ಚಟ್ನಿ. ಕಡಲೆಯದೋ ಶೇಂಗಾದ್ದೋ, ನೋಡಿದರೆ ತಿಳಿಯುವುದಿಲ್ಲ.

ಗಿರಿಜಮ್ಮ ಗಂಟು ಬಿಚ್ಚಿ ಸೀಸೆಯನ್ನು ಮಾನಸಳ ಕೈಗಿಡುತ್ತಾರೆ. “ಹೋಗು. ನಾ ಬಾಯಿ ಹಾಕಂಗಿಲ್ಲ.” ಬಾಯಿಗೆ ಸೆರಗು ಒತ್ತಿಕೊಂಡು ನಿಲ್ಲುತ್ತಾರೆ.

ಮಾನಸ ಸೀಸೆ ಎತ್ತಿ ಹಿಡಿಯುತ್ತಾಳೆ. “ಅಮ್ಮಾ, ಚಟ್ನೀಲೋ ಶೇಂ...” ನಿಲ್ಲಿಸುತ್ತಾಳೆ. “ವೇರುಶೆನಗ ಉಂದಾ?”

ಕಾಳಮ್ಮ ಸೀಸೆ ನೋಡಿ ನಗುತ್ತಾಳೆ. “ದೇವುಡಾ ಏಂಟಮ್ಮಾ, ಸೀಸಾಲೋ ಪೆಟ್ಟಾವು?” ಸೀಸೆಯಲ್ಲಿ ಇಡಲು ಇದೇನು ದೇವರೇ ಎಂಬ ಕುಚೋದ್ಯ. ಆಮೇಲೆ ತಲೆಯಾಡಿಸುತ್ತಾಳೆ. “ಉಂದಿ, ಉಂದಿ.” ಇದೆ.

ಮಾನಸ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಚಟ್ನಿಯ ಕೈ ತಾಗದ ರೊಟ್ಟಿ, ಬೇರೆ ಎಲೆ, ಬೇರೆ ಸೌಟು ಎಂದು ತನ್ನ ತೊದಲು ತೆಲುಗಿನಲ್ಲಿ ತಾನೇ ಕೇಳಿಕೊಳ್ಳುತ್ತಾಳೆ. ಕಾಳಮ್ಮ ಕೈ ತೊಳೆದುಕೊಂಡು ಕೊಡುತ್ತಾಳೆ. ಮಾನಸ ಪಾಕದಲ್ಲಿ ಅದ್ದಿ ತಿನ್ನುವಷ್ಟು ಹೊತ್ತೂ ಗಿರಿಜಮ್ಮ ತಮ್ಮ ಎಲೆ ಮುಟ್ಟುವುದಿಲ್ಲ. ಕಾಲು ಗಂಟೆ ಕಳೆಯುತ್ತದೆ. ಏನೂ ಆಗುವುದಿಲ್ಲ. ಮಾನಸ ಬೆರಳು ನೆಕ್ಕುತ್ತ, “ಇನ್ನೊಂದು ರೊಟ್ಟಿ ತಗೊಳ್ಳಲೇನ್ರಿ?” ಎನ್ನುತ್ತಾಳೆ. ಆಗ ಗಿರಿಜಮ್ಮ ಕುಳಿತುಕೊಳ್ಳುತ್ತಾರೆ.

ಸೀಸೆ ವಾಪಸ್ ಕೊಡಲು ಬಂದರೆ ತೆಗೆದುಕೊಳ್ಳುವುದಿಲ್ಲ. “ವಿಜಯವಾಡಕ್ಕ ಒಯ್ಯಿ. ನಾಕು ದಿನ ಬಿಟ್ಟು ಫೋನ್ ಮಾಡಿ, ಏನು ತಿಂದಿ ಅಂತ ಹೇಳು. ನನಗ ಅಷ್ಟು ಸಾಕು.”

ವಾಪಸಾಗುವ ಬಸ್ಸಿನಲ್ಲಿ ಅವರ ಕೈ ಮತ್ತೆ ಸೊಂಟಕ್ಕೆ ಹೋಗುತ್ತದೆ, ಬರಿದಾಗಿ ಬರುತ್ತದೆ. ಮುಂದಿನ ವಾರ ಐದು ಜನ ಹೊಸಬರು ಬರುವವರಿದ್ದಾರೆ. ಬಸ್ಸು ನಿಂತಾಗ ಕಿಟಕಿಯ ಕೆಳಗೆ ಒಬ್ಬ ಶೇಂಗಾ ಬುಟ್ಟಿ ಹೊತ್ತು ಕೂಗುತ್ತ ಬರುತ್ತಾನೆ. ಗಿರಿಜಮ್ಮ ಮಾನಸಳನ್ನು ಹಿಂದಿನ ಸೀಟಿಗೆ ಕಳಿಸಿ, ತಲೆ ಹೊರಹಾಕುತ್ತಾರೆ.

“ವೇರುಶೆನಗ. ಒಕ್ಕಟಿ ಚಾಲು.” ಒಂದೇ ಸಾಕು.

ಅವನು ಬಾಯಿ ಬಿಟ್ಟುಕೊಂಡು ಒಂದು ಕಾಯಿ ಅವರ ಅಂಗೈಗೆ ಹಾಕುತ್ತಾನೆ. ಗಿರಿಜಮ್ಮ ಅದನ್ನು ಸೆರಗಿನ ತುದಿಗೆ ಎರಡು ಗಂಟು ಹಾಕಿ ಕಟ್ಟುತ್ತಾರೆ.

“ಈ ಸರ್ತಿ ಬಾಯಿ ತಪ್ಪಲಿಲ್ಲ ನೋಡ್ರಿ,” ಎನ್ನುತ್ತಾರೆ.