ಇಸಿಜಿ ಮಷೀನಿಗೆ ಪೇಪರ್ ಇಲ್ಲ

ಆಸ್ಪತ್ರೆಯಲ್ಲಿ ಮಷೀನ್ ಇತ್ತು. ಡಾಕ್ಟರ್ ಇದ್ದರು. ಕರೆಂಟೂ ಇತ್ತು (ನಮ್ಮ ಕಡೆ ಇದನ್ನು ಪ್ರತ್ಯೇಕವಾಗಿ ಹೇಳಲೇಬೇಕು). ಪೇಪರ್ ಮಾತ್ರ ಇರಲಿಲ್ಲ.

ಹೋದ ತಿಂಗಳ ಮಾತು. ಮಂಚಿಕೇರಿಯಲ್ಲಿ ಹೊಲಿಗೆ ಕ್ಲಾಸ್ ನಡೆಸುವ ನನ್ನ ಅಕ್ಕ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಗೋಡೆಗೆ ಒರಗಿ ಕೂತುಬಿಟ್ಟಳು. ದವಡೆ ನೋವು, ಮೈತುಂಬ ಬೆವರು. ಕ್ಲಾಸಿನವರು ಫೋನ್ ಮಾಡಿದರು. ಕಾರು ತೆಗೆದುಕೊಂಡು ಓಡಿದೆ.

"ಎಂಗೆ ಎಂತೂ ಆಜಿಲ್ಲೆ ತಮಾ, ಗ್ಯಾಸ್ ಆಗಿಕ್ಕು," ಎಂದಳು. ತನಗೇನೂ ಆಗಿಲ್ಲವಂತೆ, ಬರೀ ಗ್ಯಾಸಂತೆ.

ನಮ್ಮ ಮನೆ ಹೆಂಗಸರಿಗೆ ಗ್ಯಾಸ್ ಬಿಟ್ಟು ಬೇರೆ ಕಾಯಿಲೆ ಬಂದದ್ದುಂಟೇ?

ಬೈದು ಕಾರಿಗೆ ಹತ್ತಿಸಿದೆ. ಹತ್ತಿರದ ಒಂದು ಆಸ್ಪತ್ರೆ ತಲುಪಿದೆವು (ಹೆಸರು ಬೇಡ, ಊರೂ ಬೇಡ). ಡಾಕ್ಟರು ನಾಡಿ ಹಿಡಿದವರೇ, "ಇಸಿಜಿ, ಬೇಗ," ಎಂದರು.

ನರ್ಸಮ್ಮ ಹಾವೇರಿ ಕಡೆಯವರು. ತಲೆ ತಗ್ಗಿಸಿದರು. "ಮಷೀನ್ ಐತ್ರಿ ಸರ್. ಪೇಪರ್ ಖಾಲಿ ಆಗೇತ್ರಿ. ಪೇಪರ್ ಬೇಕಂತ ಇಂಡೆಂಟ್ ಕಳ್ಸಿ ಭಾಳ ದಿವ್ಸ ಆತು."

ಸ್ಕ್ರೀನ್ ಇಲ್ಲದ ಹಳೆ ಮಷೀನ್ ಅದು. ಪೇಪರ್ ಇಲ್ಲದಿದ್ದರೆ ಅದೊಂದು ಡಬ್ಬಿ, ಅಷ್ಟೆ.

"ಹಾರ್ಟ್ ಅಟ್ಯಾಕ್ ಇರಬಹುದು ಅನಿಸುತ್ತೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ," ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. "ಆದರೆ ಇಸಿಜಿ ನೋಡದೆ ಕೊಡೋ ಹಾಗಿಲ್ಲ. ಬೇರೇನೋ ಆಗಿದ್ದರೆ ಆ ಇಂಜೆಕ್ಷನ್ನೇ ಅಪಾಯ."

ಹುಬ್ಬಳ್ಳಿಗೆ ಕರೆದೊಯ್ಯಲೇ? ದಾರಿಯಲ್ಲಿ ಏನಾದರೂ ಆದರೆ? ಅಕ್ಕನ ತುಟಿ ಬಿಳಿಚಿತ್ತು. ಈಗ ಗ್ಯಾಸ್ ಎಂದೂ ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ನರ್ಸಮ್ಮ ನನ್ನ ತೋಳು ಹಿಡಿದರು. "ಎದುರಿಗೆ ಮೆಡಿಕಲ್ ಶಾಪ್ ಐತಿ. ಬಿಲ್ ಮಷೀನಿನ ರೋಲ್ ಇಸ್ಕೊಂಡು ಬರ್ರಿ. ಅದೂ ಬಿಸಿಗೆ ಅಕ್ಷರ ಮೂಡೋ ಪೇಪರೇ. ಅಗಲ ಹೊಂದಿದ್ರ ನಮ್ಮ ಪುಣ್ಯ."

ಓಡಿದೆ. ಅಂಗಡಿಯವರು ಯಾಕೆಂದೂ ಕೇಳಲಿಲ್ಲ. ಅರ್ಧ ಬಿಲ್ ಹೊರಬಂದಿದ್ದ ರೋಲನ್ನು ಹಾಗೇ ಕಿತ್ತು ಕೊಟ್ಟರು.

ಹೊಂದಿತು! ನರ್ಸಮ್ಮ ಬಟನ್ ಒತ್ತಿದರು. ಪೇಪರ್ ಸರಸರನೆ ಬಂತು. ಖಾಲಿ. ಒಂದು ಗೆರೆಯೂ ಇಲ್ಲ.

ಬೇರೆ ರೋಲ್ ತರಲು ಬಾಗಿಲಿನತ್ತ ತಿರುಗಿದೆ.

"ತಡೀರಿ, ಮಗ್ಗಲು ತಪ್ಪೇತಿ," ಎಂದು ರೋಲ್ ತಿರುಗಿಸಿ ಹಾಕಿದರು. ಈ ಸಲ ಗೆರೆ ಮೂಡಿತು. ಇಸಿಜಿ ಪೇಪರಿನ ಚೌಕುಳಿ ಇಲ್ಲದ ಆ ಬಿಳಿ ಪೇಪರಿನ ಮೇಲೆ ಡಾಕ್ಟರು ಸ್ಕೇಲ್ ಇಟ್ಟು ಅಳೆದರು. ಮತ್ತೊಮ್ಮೆ ಅಳೆದರು. "ಅಟ್ಯಾಕೇ. ಇಂಜೆಕ್ಷನ್ ತನ್ನಿ."

ಮುಂದಿನದು ಸುಲಭವಾಗಿತ್ತು ಎನ್ನಲಾರೆ. ಆದರೆ ಆಮೇಲೆ ಕರೆದೊಯ್ದ ಹುಬ್ಬಳ್ಳಿ ಆಸ್ಪತ್ರೆಯ ಡಾಕ್ಟರು, "ಅಲ್ಲೇ ಇಂಜೆಕ್ಷನ್ ಕೊಟ್ಟಿದ್ದರಿಂದ ಉಳಿದರು," ಎಂದರು. ಅಕ್ಕ ಈಗ ಮನೆಯಲ್ಲಿ ನಡೆದಾಡುತ್ತಾಳೆ. ಕ್ಲಾಸ್ ಯಾವಾಗ ಶುರು ಮಾಡಲಿ ಎಂದು ದಿನಾ ಜಗಳ.

ಮಷೀನ್ ಬಂದ ದಿನ ಫೋಟೋ ತೆಗೆಸಿಕೊಳ್ಳಲು ಎಷ್ಟು ಜನ! ಪೇಪರಿಗೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ಶಿರಸಿಯಿರಲಿ, ಸಿದ್ದಾಪುರವಿರಲಿ, ಯಾವ ಊರೇ ಇರಲಿ, ನಾವೂ "ಮಷೀನ್ ಇದೆಯಾ?" ಎಂದು ಕೇಳುತ್ತೇವೆಯೇ ಹೊರತು "ನಡೆಯುತ್ತಾ?" ಎಂದು ಕೇಳುವುದಿಲ್ಲ.

ಮೊನ್ನೆ ನರ್ಸಮ್ಮನಿಗೆ ಕೈಮುಗಿದು ಬರಲು ಹೋಗಿದ್ದೆ. ಮೇಲಿನ ಆಫೀಸಿನಿಂದ ಇಂಡೆಂಟ್ ವಾಪಸ್ ಬಂದಿತ್ತು. ಕಳೆದ ಮೂರು ತಿಂಗಳಲ್ಲಿ ಎಷ್ಟು ಇಸಿಜಿ ತೆಗೆದಿದ್ದೀರಿ, ತಿಳಿಸಿ ಎಂದು.

ನರ್ಸಮ್ಮ ಪೆನ್ ಹಿಡಿದು ನನ್ನ ಮುಖ ನೋಡಿದರು. "ಪೇಪರ್ ಇಲ್ದ ತಗೀಲಿಲ್ಲ ಅಂತ ಬರದ್ರ, ಬಳಕಿ ಇಲ್ಲ, ಪೇಪರ್ ಬ್ಯಾಡ ಅಂತಾರ. ಏನ್ ಬರೀಲ್ರಿ?"